ಎಂಟಾಣೆ ಅಗಲದ ದಂಡು ದಾರಿ

ಜನವರಿ 3, 2025, ಶುಕ್ರವಾರ

ಬೆಳಿಗ್ಗೆ ಎರಡು ಅಳತೆ. ಎರಡನೆಯದರಲ್ಲಿ ಜಗಳ, ಎಂದಿನಂತೆ. ಇಬ್ಬರು ದಾಯಾದಿಗಳು, ಇಬ್ಬರ ಕಣ್ಣೂ ನನ್ನ ಟೇಪಿನ ಮೇಲೆ. ಮಹಜರಿಗೆ ಸಹಿ ಹಾಕಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ವಾಪಸು ಬಂದಾಗ ಎರಡೂವರೆ. ತಟ್ಟೆ ಇಟ್ಟುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಸುಬೇದಾರ್ ಮುನಿವೆಂಕಟಪ್ಪನವರು.

ಗೌರಿಬಿದನೂರಿನವರು. ಎಪ್ಪತ್ತೆರಡು ವಯಸ್ಸು. ಮಿಲಿಟರಿ ಬಿಟ್ಟು ಇಪ್ಪತ್ತೈದು ವರ್ಷವಾದರೂ ಬೆನ್ನು ಬಾಗಿಲ್ಲ. ಮೂರು ತಿಂಗಳಿಂದ ಅವರದು ಒಂದೇ ಮಾತು — ದಂಡು ದಾರಿ. ಗೌರಿಬಿದನೂರಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಹಾದು ಚಿಂತಾಮಣಿಗೆ ಹಿಂದೆ ದಂಡು ಹೋಗುತ್ತಿದ್ದ ದಾರಿ. ಯಾವ ದಂಡು, ಯಾವ ಕಾಲ — ಊರಿಗೊಂದು ಕಥೆ. ಆದರೆ ಹಳೇ ಗ್ರಾಮ ನಕ್ಷೆಗಳಲ್ಲಿ ಎರಡು ಚುಕ್ಕಿ ಗೆರೆ ಸ್ಪಷ್ಟವಾಗಿದೆ. ಅದರ ಮೇಲೆ ಮೂವತ್ತು ಜನ ಐದು ದಿನ ನಡೆದು ಜನವರಿ ಇಪ್ಪತ್ತಾರಕ್ಕೆ ಚಿಂತಾಮಣಿ ಸೇರಬೇಕು, ಆ ದಾರಿಯಲ್ಲಿ ಸವೆದವರನ್ನು ನೆನೆಯಬೇಕು ಎಂಬುದು ಅವರ ಹಟ. ನಕ್ಷೆಯ ಗೆರೆ ಈಗ ನೆಲದಲ್ಲಿ ಎಲ್ಲಿದೆ ಎಂದು ಗುರುತು ಮಾಡುವ ಕೆಲಸ ನನ್ನದು. ಲೈಸೆನ್ಸ್ ಸರ್ವೇಯರ್ ಎಂದು ಹುಡುಕಿಕೊಂಡು ಬಂದರು, ಒಪ್ಪಿಕೊಂಡೆ.

"ನಕ್ಷೆ ಎಲ್ಲಾ ಸಿಕ್ತೇನಮ್ಮಾ?"

"ಮೂರು ಊರಿಂದು ಬರಬೇಕು ಸರ್."

"ಯಾವ್ಯಾವುದು?"

ಎರಡರ ಹೆಸರು ಹೇಳಿದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಮೂರನೆಯದು ಹೇಳುವುದು ತಪ್ಪಿತು. ತಪ್ಪಿತು ಎಂದು ಬರೆಯುವುದೂ ಸರಿಯಲ್ಲ. ತಪ್ಪಿಸಿಕೊಂಡೆ.

ಮೂರನೆಯದು ನಮ್ಮೂರು.


ಜನವರಿ 5, ಭಾನುವಾರ, ಬೆಳಿಗ್ಗೆ

ಇಲ್ಲಾದರೂ ಪೂರ್ತಿ ಬರೆದುಬಿಡಬೇಕು.

2013. ಅಪ್ಪನಿಗೆ ಜಮೀನು ಅಣ್ಣನ ಹೆಸರಿಗೆ ಮಾಡಿಸಬೇಕಿತ್ತು. ನನಗೆ ಲೈಸೆನ್ಸ್ ಬಂದು ಎರಡೇ ವರ್ಷ. ಮನೆಯವರ ಜಮೀನು ನಾನು ಅಳೆಯಬಾರದು. ಅಳೆದೆ. ನಮ್ಮ ತೋಟದ ನಡುವೆ ದಂಡು ದಾರಿ ಹಾದು ಹೋಗುತ್ತಿತ್ತು — ಎಂಟಾಣೆ ಅಗಲ. ಹಳೇ ಸರಪಳಿ ಲೆಕ್ಕದಲ್ಲಿ ಎಂಟಾಣೆ ಎಂದರೆ ಹದಿನಾರೂವರೆ ಅಡಿ. ಅಪ್ಪ ಬದುವಿನ ಮೇಲೆ ಕೂತುಕೊಂಡು ಹೇಳಿದ್ದು ಇಷ್ಟೇ: "ಯಾರು ಓಡಾಡ್ತಾರೆ ಇದರಲ್ಲಿ? ಬಿಟ್ಟುಬಿಡಮ್ಮ ರಾಧಮ್ಮ."

ಬಿಟ್ಟುಬಿಟ್ಟೆ. ಸ್ಕೆಚ್‌ನಲ್ಲಿ ಆ ಎರಡು ಗೆರೆ ಎಳೆಯಲೇ ಇಲ್ಲ. ಯಾರೂ ಕೇಳಲಿಲ್ಲ, ಪಾಸಾಯಿತು. ಆ ವರ್ಷವೇ ಅಣ್ಣ ಎರಡೂ ತುದಿಗೆ ತಂತಿ ಬೇಲಿ ಹಾಕಿ ದಾರಿಯ ಮೇಲೆ ಹಿಪ್ಪುನೇರಳೆ ನೆಟ್ಟ. ಎರಡು ವರ್ಷದ ಮೇಲೆ ಅಪ್ಪ ಹೋದರು.

ಯಾರು ಓಡಾಡುತ್ತಿದ್ದರು ಎಂದು ನನಗೆ ಗೊತ್ತಿತ್ತು. ತೋಟದ ಆಚೆ ಎಂಟು ಮನೆಗಳಿವೆ. ಅವರು ಈಗ ಹಾಲಿನ ಕ್ಯಾನು ಹೊತ್ತು ಕೆರೆ ಏರಿ ಸುತ್ತಿ ಡೈರಿಗೆ ಬರುತ್ತಾರೆ. ಹೋಗುವಾಗ ಎರಡು ಕಿಲೋಮೀಟರ್, ಬರುವಾಗ ಎರಡು. ಆಂಜಿನಮ್ಮನಿಗೆ ಈಗ ಅರವತ್ತೈದಾದರೂ ಆಗಿರಬೇಕು. ಹಬ್ಬಕ್ಕೆ ಹೋದಾಗ ಏರಿಯ ಮೇಲೆ ಸಿಗುತ್ತಾಳೆ. "ಬಾಗುನ್ನಾವಾ ಅಮ್ಮಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳುತ್ತಾಳೆ. ಒಂದು ದಿನವೂ ಬೇರೆ ಮಾತು ಆಡಿಲ್ಲ.


ಜನವರಿ 8, ಬುಧವಾರ

ಸುಬೇದಾರರಿಗೆ ರೂಟ್ ಮ್ಯಾಪ್ ತೋರಿಸಿದೆ. ನಮ್ಮೂರ ಹತ್ತಿರ ಕೆಂಪು ಗೆರೆಯನ್ನು ಕೆರೆ ಏರಿಯ ಮೇಲೆ ಎಳೆದಿದ್ದೆ. ಬೆರಳಿಟ್ಟುಕೊಂಡು ನೋಡುತ್ತಾ ಬಂದರು. ಬೆರಳು ಅಲ್ಲೇ ನಿಂತಿತು.

"ಇಷ್ಟೊತ್ತು ನೆಟ್ಟಗೆ ಬಂದಿದ್ದು ಇಲ್ಯಾಕೆ ಸೊಟ್ಟ ಹೋಯ್ತು?"

"ತೋಟ ಇದೆ ಸರ್. ಬೇಲಿ ಹಾಕಿದಾರೆ."

"ಹಿಂದೆ ಹನ್ನೊಂದು ಕಡೆ ಬೇಲಿ ಇತ್ತಲ್ಲ. ಹನ್ನೊಂದು ಜನದ ಹತ್ರಾನೂ ಹೋಗಿ ಕೇಳಿದ್ವಲ್ಲ."

"ಇವರನ್ನೂ ಕೇಳಣ."

ಅವರು ನಕ್ಷೆ ಮಡಚಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡು, ಕಾಫಿ ಮುಗಿಸಿ, ನಾಲ್ಕೂ ಕಾಲರ ಬಸ್ಸಿಗೆ ಹೋದರು. ಬೈದಿದ್ದರೆ ಸುಲಭವಿತ್ತು.


ಜನವರಿ 12, ಭಾನುವಾರ, ಸಂಜೆ

ಊರಿಗೆ ಹೋಗಿ ಬಂದೆ. ಅಣ್ಣ ವೆಂಕಟರವಣಪ್ಪ ಸೊಪ್ಪು ಕೊಯ್ಯುತ್ತಿದ್ದ. ಅತ್ತಿಗೆ ಲಕ್ಷ್ಮೀನರಸಮ್ಮ ರೇಷ್ಮೆ ಹುಳು ಮನೆಯೊಳಗೆ. ಪೊರೆ ಬಿಡಲು ಮೇವು ನಿಲ್ಲಿಸಿ ಎರಡನೇ ಜ್ವರಕ್ಕೆ ಕೂತಿವೆ ಹುಳುಗಳು, ಆದ್ದರಿಂದ ಬಾಗಿಲಿಂದಲೇ ಮಾತು.

ಅಣ್ಣನಿಗೆ ನಡಿಗೆಯ ವಿಷಯ ಹೇಳಿದೆ. ಇಪ್ಪತ್ತೈದನೇ ತಾರೀಖು ತೋಟದೊಳಗಿಂದ ಒಂದು ಸಲ ದಾಟಿ ಹೋಗುತ್ತಾರೆ ಅಷ್ಟೇ ಎಂದೆ. ಅಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಆ ಹೊತ್ತಿಗೆ ನಾಲ್ಕನೇ ಜ್ವರ ಎದ್ದಿರ್ತವೆ, ಗೂಡು ಕಟ್ಟೋ ಮುಂಚಿನ ಕೊನೇ ವಾರ. ಊರೂರ ಧೂಳು ತುಳ್ಕೊಂಡು ಮೂವತ್ತು ಜನ ಬಂದ್ರೆ ರೋಗ ಬರಲ್ವಾ? ಬೆಳೆ ಕೆಟ್ರೆ ನಿಮ್ಮ ಸುಬೇದಾರ ಕೊಡ್ತಾನಾ?"

ಅವನು ಹೇಳಿದ್ದು ಸುಳ್ಳಲ್ಲ. ಹುಳು ಸಾಕುವವರ ಮನೆಯಲ್ಲಿ ಹುಟ್ಟಿದವಳಿಗೆ ಗೊತ್ತು.

"ಅದು ದಾರಿ ಅಣ್ಣ."

"ಯಾರ್ ಹೇಳಿದ್ದು?"

"ನಕ್ಷೆ."

ಕುಡುಗೋಲು ಕೆಳಗಿಟ್ಟ. "ನಕ್ಷೆ ಬರ್ದೋಳು ನೀನು. ಅಪ್ಪ ಇದ್ದಾಗ ಬರ್ದೆ. ಅಪ್ಪ ಇಲ್ಲ ಅಂತ ಈಗ ತಿದ್ತೀಯಾ? ಊರೋರು ನನ್ನ ಕಳ್ಳ ಅಂತಾರೆ, ನಿನ್ನಲ್ಲ. ನೀನು ಪೇಟೆಲಿ ಇರ್ತೀಯ."

ಊಟ ಮಾಡದೆ ಬಂದೆ. ಬಸ್ ಸ್ಟಾಪಿನವರೆಗೂ ಯಾರೂ ಬರಲಿಲ್ಲ.


ಜನವರಿ 17, ಶುಕ್ರವಾರ

ಸಂಕ್ರಾಂತಿ ಕಳೆದು ಮೂರು ದಿನ. ಮದುವೆಯಾದ ಮೇಲೆ ಮೊದಲ ಸಲ ತವರಿಂದ ಎಳ್ಳು ಬೆಲ್ಲ ಬರಲಿಲ್ಲ. ಇವರು — ಮೋಹನ್‌ಬಾಬು — ಡ್ಯೂಟಿ ಮುಗಿಸಿ ಬಂದು ಟಿಕೆಟ್ ಮೆಷಿನ್ ಬ್ಯಾಗು ಇಳಿಸುತ್ತಾ, "ಡಬ್ಬಿ ಬಂತಾ ಊರಿಂದ?" ಎಂದರು. ಇಲ್ಲ ಎಂದೆ. ಯಾಕೆ ಎಂದು ಕೇಳಿದರು. ಹನ್ನೆರಡು ವರ್ಷದ ವಿಷಯ ಅಡಿಗೆ ಮನೆಯಲ್ಲಿ ನಿಂತುಕೊಂಡೇ ಹೇಳಿಬಿಟ್ಟೆ.

ನೀರು ಕುಡಿದು ಲೋಟ ಕೆಳಗಿಟ್ಟರು. "ತಪ್ಪು ಮಾಡಿದೀನಿ ಅಂತ ಸರ್ವೆ ಆಫೀಸಿಗೆ ಬರೆದುಕೊಟ್ರೆ ಲೈಸೆನ್ಸ್ ಹೋಗ್ತದಾ?"

"ಹೋಗಬಹುದು."

"ಕೊಡದೆ ಇದ್ರೆ?"

"ಯಾರಿಗೂ ಗೊತ್ತಾಗಲ್ಲ."

"ನಿಂಗೆ ಗೊತ್ತಲ್ಲ," ಎಂದು ಬಚ್ಚಲಿಗೆ ಹೋದರು. ಬೇಡ ಅನ್ನಲಿಲ್ಲ. ಮಾಡು ಅಂತಲೂ ಅನ್ನಲಿಲ್ಲ.


ಜನವರಿ 19, ಭಾನುವಾರ

ಗೌರಿಬಿದನೂರಿಗೆ ಹೋಗಿದ್ದೆ. ಸುಬೇದಾರರ ಅಂಗಳದಲ್ಲಿ ನಡೆಯುವವರ ಸಭೆ. ಮೂವತ್ನಾಲ್ಕು ಜನ ಆಗಿದ್ದಾರೆ. ಮಾಜಿ ಸೈನಿಕರು ಹನ್ನೆರಡು, ಉಳಿದವರು ಎಲ್ಲ ಥರದವರು. ಕುಡುಮಲಕುಂಟೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಸೌಜನ್ಯ ಎಂಬ ಹುಡುಗಿ ಐದು ದಿನ ರಜೆ ಹಾಕಿ ಬಂದಿದ್ದಾಳೆ. ಯಾಕೆ ಬಂದೆ ಎಂದರೆ, "ದಿನಾ ಎಂಟು ಗಂಟೆ ನಿಂತಲ್ಲೇ ನಿಂತಿರ್ತೀನಿ ಮೇಡಂ. ಕಾಲು ಯಾತಕ್ಕಿದೆ ಅಂತ ನೋಡಣ ಅಂತ," ಎಂದಳು.

ಎಲ್ಲರೂ ಹೋದ ಮೇಲೆ ಸುಬೇದಾರರಿಗೆ ಹೇಳಿದೆ. ಸ್ಕೆಚ್, ಅಪ್ಪ, ಅಣ್ಣ, ಏರಿ — ಎಲ್ಲ.

"ಆ ತೋಟದೋರ ಹೆಸರು ವಿಚಾರಿಸಿ ತಿಳ್ಕೊಂಡ ದಿನಾನೇ ಅಂದ್ಕೊಂಡೆ," ಎಂದರು ಕೊನೆಗೆ. "ನಿಮ್ಮ ಮನೆ ಹೆಸರೂ ಅದೇ ಅಲ್ವಾ."

"ಸುತ್ತು ಹಾಕ್ಕೊಂಡು ಹೋಗಣ ಅಂತೀರಾ ಸರ್?"

"ನಾನೇನೂ ಅನ್ನಲ್ಲಮ್ಮ. ನಂಗೆ ದಾರಿ ಗೊತ್ತಿಲ್ಲ. ನೀನು ಎಲ್ಲಿ ತೋರಿಸ್ತೀಯೋ ಅಲ್ಲಿ ಮೂವತ್ನಾಲ್ಕು ಜನ ಹೆಜ್ಜೆ ಇಡ್ತಾರೆ. ಅದೊಂದು ನೆನಪಿಟ್ಕೋ."


ಜನವರಿ 20, ಸೋಮವಾರ, ಮಧ್ಯಾಹ್ನ 3.10

ಕೊಟ್ಟೆ.

ಸರ್ವೆ ಕಚೇರಿಯಲ್ಲಿ. ಒಂದೂವರೆ ಪುಟ. ಇಂಥ ವರ್ಷ, ಇಂಥ ಸರ್ವೆ ನಂಬರಿನಲ್ಲಿ, ಗ್ರಾಮ ನಕ್ಷೆಯಲ್ಲಿರುವ ದಾರಿಯನ್ನು ನಾನು ತಿಳಿದೂ ಕೈಬಿಟ್ಟಿದ್ದೇನೆ, ದಯವಿಟ್ಟು ಮರು ಅಳತೆ ಮಾಡಿಸಬೇಕು. "ತಿಳಿದೂ" ಎಂಬ ಪದ ಮೂರು ಸಲ ಹೊಡೆದು ಮೂರು ಸಲ ಬರೆದೆ. ಗುಮಾಸ್ತ ಓದಿ, "ಮೇಡಂ, ಇದು ನಿಮ್ಮ ಮೇಲೆ ನೀವೇ ಕೊಡ್ತಿರೋ ದೂರು," ಎಂದ. ಹೌದು ಎಂದೆ. ಮುದ್ರೆ ಒತ್ತಿದ.

ನಡಿಗೆಯ ನೆಪದಲ್ಲಿ ಅಣ್ಣನ ಬೇಲಿ ತೆಗೆಸುವುದು ನನಗೆ ಬೇಡ. ಜನ ಸೇರಿಸಿಕೊಂಡು ಹೋಗಿ ಅವನನ್ನು ನಿಲ್ಲಿಸಿ ಕೇಳುವುದು ನ್ಯಾಯವಲ್ಲ. ಮೊದಲು ನನ್ನ ತಪ್ಪು ಕಾಗದದ ಮೇಲೆ ಇರಲಿ.

ಫೋನ್ ಮಾಡಿ ಅಣ್ಣನಿಗೆ ಹೇಳಿದೆ. "ಆಯ್ತು," ಎಂದ. ಕಟ್ ಮಾಡಿದ.

ರೂಟ್ ಮ್ಯಾಪಿನ ಕೆಂಪು ಗೆರೆ ತೋಟದೊಳಗೇ ಎಳೆದೆ. ಬಿಡುತ್ತಾನೋ ಇಲ್ಲವೋ. ಬಿಡದಿದ್ದರೆ ಬೇಲಿಯ ಮುಂದೆ ನಿಂತು, ದಾರಿ ಇಲ್ಲೇ ಇತ್ತು, ಅಳಿಸಿದವಳು ನಾನು ಎಂದು ಎಲ್ಲರಿಗೂ ಹೇಳಿ, ಆಮೇಲೆ ಏರಿಯ ಮೇಲೆ ಕರೆದುಕೊಂಡು ಹೋಗುವುದು. ಅಷ್ಟು ತೀರ್ಮಾನ.


ಜನವರಿ 22, ಬುಧವಾರ — ನಡಿಗೆ, ಮೊದಲ ದಿನ

ಬೆಳಿಗ್ಗೆ ಆರಕ್ಕೆ ಗೌರಿಬಿದನೂರು ಬಿಟ್ಟೆವು. ಮಂಜು. ಹತ್ತು ಅಡಿ ಮುಂದೆ ನಡೆಯುವವರ ಬೆನ್ನು ಮಾತ್ರ. ಬಾವುಟ ಇಲ್ಲ, ಮೈಕ್ ಇಲ್ಲ. ಸುಬೇದಾರರು ಬೇಡ ಎಂದಿದ್ದರು. ಅರ್ಧ ಗಂಟೆಗೊಮ್ಮೆ ಹಿಂದೆ ತಿರುಗಿ ತಲೆ ಎಣಿಸುತ್ತಾರೆ.

ಹತ್ತೊಂಬತ್ತು ಕಿಲೋಮೀಟರ್. ಆರು ಕಡೆ ದಾರಿ ಈಗಲೂ ದಾರಿಯೇ. ಒಂದು ಕಡೆ ದ್ರಾಕ್ಷಿ ತೋಟ, ಒಂದು ಕಡೆ ಇಟ್ಟಿಗೆ ಗೂಡು, ಒಂದು ಕಡೆ ಟಾರು ರಸ್ತೆ ಅದರ ಮೇಲೇ ಮಲಗಿದೆ. ಟಾರಿನ ಮೇಲೆ ರಾಗಿ ಹರಡಿದ್ದರು. ಪಕ್ಕದಲ್ಲಿ ಹೋದೆವು.

ನಿಂತ ಕಡೆಯೆಲ್ಲ ಸುಬೇದಾರರು ಒಂದು ಲೋಟ ನೀರು ನೆಲಕ್ಕೆ ಸುರಿಯುತ್ತಾರೆ. ಒಂದು ನಿಮಿಷ ಮೌನ. ಅಷ್ಟೇ ಕಾರ್ಯಕ್ರಮ.

ಬಲಗಾಲ ಹಿಮ್ಮಡಿ ಉರಿ.


ಜನವರಿ 23, ಗುರುವಾರ — ಎರಡನೇ ದಿನ

ಚಿಕ್ಕಬಳ್ಳಾಪುರ ಇನ್ನೂ ಆರು ಕಿಲೋಮೀಟರ್ ಇರುವಾಗ ಒಂದು ಹಳ್ಳಿಯ ಕಟ್ಟೆಯಲ್ಲಿ ಕೂತೆವು. ಅಮ್ಮಾಜಮ್ಮ ಎಂಬ ಅಜ್ಜಿ, ತೊಂಬತ್ತರ ಹತ್ತಿರ, ಅವರೆಕಾಯಿ ಬಿಡಿಸುತ್ತಾ ಕೂತಿತ್ತು. ಏನು ಮೆರವಣಿಗೆ ಎಂದು ಕೇಳಿತು. ಸೌಜನ್ಯ ವಿವರಿಸಿದಳು.

ಅಜ್ಜಿ ಕೈ ನಿಲ್ಲಿಸಲಿಲ್ಲ. "ದಂಡು ಬರ್ತೈತೆ ಅಂದ್ರೆ ನಮ್ಮೋರು ರಾಗಿ ಹಗೇವಿಗೆ ಸುರಿದು, ದನ ಹೊಡ್ಕೊಂಡು ಬೆಟ್ಟ ಹತ್ತೋರಂತೆ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು. ಇದ್ದ ಎತ್ತು ಫಿರಂಗಿ ಎಳೆಯಕ್ಕೆ ಹೊಡ್ಕೊಂಡೋಗೋರು. ಗಂಡಸರನ್ನ ಕಲ್ಲು ಹೊರಕ್ಕೆ. ಅದನ್ನೇನು ನೆನಸ್ಕೊಂಡು ನಡೀತೀರಪ್ಪ ನೀವು?"

ಮಾಜಿ ಸೈನಿಕರೊಬ್ಬರಿಗೆ ಸಿಟ್ಟು ಬಂತು. ಸುಬೇದಾರರು ಅವರ ಭುಜ ಹಿಡಿದು ಕೂರಿಸಿದರು. ತಾವು ಅಜ್ಜಿಯ ಎದುರು ನೆಲಕ್ಕೆ ಕೂತರು.

"ಬೆಟ್ಟ ಹತ್ತಿದೋರನ್ನೂ ನೆನೀತೀವಿ ತಾಯಿ. ಕಲ್ಲು ಹೊತ್ತೋರನ್ನೂ."

"ಎತ್ತುಗಳನ್ನ?"

ಸುಬೇದಾರರು ಹೆಗಲ ಟವಲ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ಅವನ್ನೂ."

ಅಜ್ಜಿ ಒಂದು ಬೊಗಸೆ ಅವರೆಕಾಳು ಅವರ ಟವಲ್ಲಿಗೆ ಹಾಕಿತು. ಹೊರಡುವಾಗ ಅವರು ಎರಡನೇ ಲೋಟ ನೀರು ಸುರಿದರು. ಇಂದಿನಿಂದ ಎರಡು ಲೋಟ.

ಚಿಕ್ಕಬಳ್ಳಾಪುರದ ಛತ್ರದಲ್ಲಿ ವಾಸ್ತವ್ಯ. ನನ್ನ ಮನೆ ಹತ್ತೇ ನಿಮಿಷ. ಹೋಗಲಿಲ್ಲ. ಹೋದರೆ ಮತ್ತೆ ಎದ್ದು ಬರುವುದು ಕಷ್ಟ. ಇವರೇ ಬಂದು ಕಾಲಿಗೆ ಹಚ್ಚುವ ಎಣ್ಣೆ ಕೊಟ್ಟು ಹೋದರು.


ಜನವರಿ 24, ಶುಕ್ರವಾರ — ಮೂರನೇ ದಿನ

ಶಿಡ್ಲಘಟ್ಟ. ಸಂಜೆ ಐದು. ಊರು ಹೊಗುತ್ತಿದ್ದಂತೆ ಗೂಡು ಬೇಯಿಸುವ ವಾಸನೆ. ಉಳಿದವರು ಮೂಗು ಮುಚ್ಚಿಕೊಂಡರು, ನನಗೆ ಹಸಿವಾಯಿತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಗೂಡಿನ ಮಾರ್ಕೆಟ್ಟಿಗೆ ಬಂದರೆ ವಡೆ ಕೊಡಿಸುತ್ತಿದ್ದರು.

ಸೌಜನ್ಯಳ ಎರಡೂ ಪಾದದಲ್ಲಿ ಗುಳ್ಳೆ. ಒಡೆದು ರಕ್ತ. ನಾಳೆ ನಮ್ಮ ಸಾಮಾನು ತರುವ ವ್ಯಾನಿನಲ್ಲಿ ಬಾ ಎಂದೆ.

"ಗೌರಿಬಿದನೂರಿಂದ ಇಲ್ಲೀಗಂಟ ನಡ್ಕೊಂಡು ಬಂದಿದೀನಿ ಮೇಡಂ. ಒಂದು ದಿನ ವ್ಯಾನಲ್ಲಿ ಕೂತ್ರೆ ಏನು ಹೇಳ್ಲಿ ಫ್ಯಾಕ್ಟರೀಲಿ? ಚಿಂತಾಮಣಿಗೆ ನಡೆದೆ ಅನ್ನಕ್ಕಾಗಲ್ಲ."

ಅಣ್ಣನಿಂದ ಫೋನ್ ಇಲ್ಲ. ಊಟವಾದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ನಾಳೆಯ ದಾರಿಯ ವಿಷಯ ಹೇಳಿದೆ. ನನ್ನ ಸ್ಕೆಚ್ ವಿಷಯವನ್ನೂ. ಒಬ್ಬರು ಎದ್ದು ಹೊರಗೆ ಹೋದರು. ಯಾರೆಂದು ನೋಡಲಿಲ್ಲ.


ಜನವರಿ 25, ಶನಿವಾರ — ನಾಲ್ಕನೇ ದಿನ. ಸಂಜೆ 4, ನಮ್ಮೂರ ಶಾಲೆಯ ಜಗಲಿ

ನಡೆದದ್ದು ನಡೆದಂತೆ ಬರೆಯಬೇಕು.

ಹತ್ತೂವರೆಗೆ ತೋಟದ ಹತ್ತಿರ ಬಂದೆವು. ಬೇಲಿ ಹಾಗೇ ಇತ್ತು. ಬೇಲಿಯೊಳಗೆ ಅಣ್ಣ, ಕೈ ಕಟ್ಟಿಕೊಂಡು. ಹಿಂದೆ ಹತ್ತು ಮಾರಿನಲ್ಲಿ ಹುಳು ಮನೆ, ಕಿಟಕಿಗೆಲ್ಲ ನೊಣದ ಪರದೆ. ನಮ್ಮೂರ ಹತ್ತಿಪ್ಪತ್ತು ಜನ ಆಗಲೇ ಸೇರಿದ್ದರು, ನೋಡುವುದಕ್ಕೆ.

ಸುಬೇದಾರರು ಮುಂದೆ ಹೋಗಿ ಕೈ ಮುಗಿದರು. ಅಣ್ಣ ಮುಗಿಯಲಿಲ್ಲ.

"ನಾಲ್ಕನೇ ಜ್ವರ ಎದ್ದು ಮೂರು ದಿನ ಆಗೈತೆ. ಊರೂರ ಧೂಳು ಹೊತ್ಕೊಂಡು ಬಂದಿದೀರ."

"ಏನು ಮಾಡಬೇಕು ಹೇಳಪ್ಪ, ಮಾಡ್ತೀವಿ. ಬರಬೇಡಿ ಅಂದ್ರೂ ಸರಿ. ಇಲ್ಲೇ ನೀರು ಸುರಿದು ಏರಿ ಮೇಲೆ ಹೋಗ್ತೀವಿ."

ಅಣ್ಣ ನೆಲ ನೋಡುತ್ತಿದ್ದ. ಜನವೆಲ್ಲ ಅವನನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆಯಬೇಕಿತ್ತು, ತೀರ್ಮಾನ ಮಾಡಿದ್ದ ಮಾತು ಹೇಳಬೇಕಿತ್ತು. ಅಷ್ಟರಲ್ಲಿ ಅತ್ತಿಗೆ ಬಂದರು. ಸೊಂಟದ ಮೇಲೆ ದೊಡ್ಡ ಪ್ಲಾಸ್ಟಿಕ್ ಟಬ್ಬು, ಅದರ ತುಂಬ ಬ್ಲೀಚಿಂಗ್ ಪೌಡರ್ ನೀರು. ಬೇಲಿಯ ಬುಡದಲ್ಲಿ ಇಳಿಸಿದರು. ಸೆರಗಿನಿಂದ ಸುಣ್ಣದ ಪುಡಿ ತೆಗೆದು ನೆಲಕ್ಕೆ ಅಡ್ಡಗೆರೆ ಎಳೆದರು. ನಮ್ಮ ಕಡೆ ತಿರುಗಿ, ದಿನಾ ಕೂಲಿಯವರಿಗೆ ಹೇಳುವ ಹಾಗೆ ಹೇಳಿದರು.

"ಶೂ ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೊಳಿ. ಕಾಲು ಇದರಲ್ಲಿ ಅದ್ದಿ ಒಬ್ಬೊಬ್ರೇ ಬರ್ರಿ. ಸಾಲಲ್ಲೇ ನಡೀಬೇಕು. ಎಲೆ ಮುಟ್ಟಬೇಡಿ. ಹುಳು ಮನೆ ಕಡೆ ಯಾರೂ ಹೋಗಬೇಡಿ."

ಅಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ ನೋಡಲಿಲ್ಲ.

"ಹುಳ ನೋಡ್ಕೊಳೋಳು ನಾನು," ಎಂದರು, ಟಬ್ಬಿನ ನೀರು ಕಲಕುತ್ತಾ. "ಕೆಟ್ರೆ ನಾನು ಹೇಳ್ಕೊಂತೀನಿ."

ಆಮೇಲೆ ಅಣ್ಣ ಗೂಟಕ್ಕೆ ಸುತ್ತಿದ್ದ ತಂತಿ ಬಿಚ್ಚಿದ. ಹನ್ನೆರಡು ವರ್ಷದ ತುಕ್ಕು, ಬಿಚ್ಚಲು ಹೊತ್ತಾಯಿತು. ಕೈ ಗೀರಿ ರಕ್ತ ಬಂತು. ನನ್ನ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ:

"ನೀನು ಮೊದ್ಲು ನಡಿ. ಎಲ್ಲಿ ಹೋಗ್ತದೆ ಅಂತ ನಿಂಗೇ ತಾನೆ ಗೊತ್ತು."

ಬೂಟು ಬಿಚ್ಚಿದೆ. ನೀರಿಗೆ ಕಾಲಿಟ್ಟೆ. ಹಿಮ್ಮಡಿ ಸುಟ್ಟ ಹಾಗೆ ಆಯಿತು. ನಡೆದೆ.

ಹಿಂದೆ ಸುಬೇದಾರರು, ಎರಡು ಕೈಯಲ್ಲಿ ಎರಡು ಬೂಟು, ಪರೇಡಿನಲ್ಲಿ ಹೋಗುವವರ ಹಾಗೆ ನೆಟ್ಟಗೆ. ಅವರ ಹಿಂದೆ ಒಬ್ಬೊಬ್ಬರೇ. ಸೌಜನ್ಯ ಒಡೆದ ಗುಳ್ಳೆಗಳ ಪಾದ ಟಬ್ಬಿಗೆ ಇಟ್ಟಾಗ ಕಣ್ಣು ಮುಚ್ಚಿಕೊಂಡಳಂತೆ. ಅತ್ತಿಗೆ, "ಬೇಡ ಬಿಡಮ್ಮ, ನೀನು ಏರಿ ಮೇಲೆ ಹೋಗು," ಎಂದರಂತೆ. ಹುಡುಗಿ ತಲೆ ಅಲ್ಲಾಡಿಸಿ ಎರಡನೇ ಕಾಲೂ ಇಟ್ಟಳಂತೆ.

ಮುನ್ನೂರು ಅಡಿ. ಕಾಲಡಿಯಲ್ಲಿ ಹಸಿ ಮಣ್ಣು, ಎರಡೂ ಕಡೆ ಎದೆ ಎತ್ತರದ ಸೊಪ್ಪು. ನಡುವೆ ಒಂದು ಕಡೆ ಮಣ್ಣು ಗಟ್ಟಿ. ಎಷ್ಟು ಉತ್ತರೂ ಗಟ್ಟಿಯೇ. ಗಾಲಿ ಓಡಾಡಿದ ಜಾಗ. ಸುಬೇದಾರರು ನಿಂತರು, ಎರಡು ಲೋಟ ಸುರಿದರು. ಹುಳು ಮನೆಯಿಂದ ಸೊಪ್ಪು ತಿನ್ನುವ ಶಬ್ದ ಕೇಳಿಸುತ್ತಿತ್ತು, ಸೋನೆ ಮಳೆಯ ಹಾಗೆ.

ಆ ತುದಿಯ ಬೇಲಿಯಾಚೆ ಆಂಜಿನಮ್ಮ. ಡೈರಿಗೆ ಹಾಲು ಹಾಕಿ ವಾಪಸು ಹೋದವಳು, ಸುದ್ದಿ ಕೇಳಿ ಖಾಲಿ ಕ್ಯಾನು ಹಿಡಿದೇ ನಿಂತಿದ್ದಾಳೆ. ಅಣ್ಣ ಬಂದು ಆ ಕಡೆಯ ತಂತಿಯನ್ನೂ ಬಿಚ್ಚಿದ. ನಾವು ಮೂವತ್ನಾಲ್ಕು ಜನ ಹೊರಗೆ ಬಂದೆವು. ಆಂಜಿನಮ್ಮ ತೋಟದೊಳಗೆ ಇಣುಕಿದಳು.

"ವೆಂಕಟರವಣಪ್ಪಾ, ನಾನೂ ಹೋಗಬಹುದಾ?"

ಅವನು ಏನೂ ಹೇಳುವ ಮುಂಚೆ ಅತ್ತಿಗೆ ಆ ತುದಿಯಿಂದ ಕೂಗಿದರು. "ಅಲ್ಲೇ ನಿಂತ್ಕೋ ಆಂಜಿನಮ್ಮ, ಕಾಲು ಅದ್ದಬೇಕು." ಟಬ್ಬು ಸೊಂಟಕ್ಕೇರಿಸಿಕೊಂಡು ಅಷ್ಟೂ ಉದ್ದ ಬಂದರು, ನೀರು ತುಳುಕಿಸಿಕೊಂಡು. ಆಂಜಿನಮ್ಮ ಕಾಲು ಅದ್ದಿ, ಸೀರೆ ಮೊಳಕಾಲಿಗೆ ಎತ್ತಿ ಹಿಡಿದು, ನಾವು ಬಂದ ದಾರಿಯಲ್ಲಿ ಊರಿನ ಕಡೆ ಹೋದಳು. ಅವಳಿಗೆ ಆ ಕಡೆ ಕೆಲಸವಿರಲಿಲ್ಲ. ಸುಮ್ಮನೆ ಹೋದಳು. ಆ ತುದಿ ಮುಟ್ಟಿ ವಾಪಸು ಬಂದಳು.

ನನ್ನ ಮುಂದೆ ನಿಂತಾಗ ಎಂದಿನ ಮಾತು ಕೇಳಲಿಲ್ಲ. "ಆರು ನಿಮಿಷ," ಎಂದಳು. "ಹೋಗಿ ಬರಕ್ಕೆ ಆರೇ ನಿಮಿಷ ಅಮ್ಮಾ."

ತಪ್ಪಾಯಿತು ಎಂದೆ. ಹನ್ನೆರಡು ವರ್ಷದ ಮೇಲೆ, ಅವಳ ಮುಖ ನೋಡಿ. ಅವಳು ಪರವಾಗಿಲ್ಲ ಅನ್ನಲಿಲ್ಲ. ಕ್ಯಾನು ಎತ್ತಿಕೊಂಡು ಮನೆಗೆ ಹೋದಳು. ಅದೇ ಸರಿ.

ನಾವು ದಾಟಿದ ಮೇಲೆ ಅಣ್ಣ ತಂತಿ ಮತ್ತೆ ಕಟ್ಟಿದ. ಸಂಜೆ ಅತ್ತಿಗೆ ಶಾಲೆಗೆ ಒಂದು ಡಬ್ಬಿ ಕಳಿಸಿದ್ದಾರೆ. ಎಳ್ಳು ಬೆಲ್ಲ.


ಜನವರಿ 26, ಭಾನುವಾರ

ಚಿಂತಾಮಣಿ. ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ. ಮೂವತ್ನಾಲ್ಕು ಹೊರಟವರು, ಮೂವತ್ನಾಲ್ಕು ತಲುಪಿದೆವು. ಸುಬೇದಾರರು ಕೊನೆಯ ಸಲ ತಲೆ ಎಣಿಸಿ ರಸ್ತೆ ಬದಿ ಕೂತುಬಿಟ್ಟರು. ಅವರ ಬೂಟು ನಾನು ಬಿಚ್ಚಿದೆ. ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಒಂದು ಮಾತು ಆಡಿರಲಿಲ್ಲ ಮಹಾರಾಯರು.

ಸೌಜನ್ಯ ಬಸ್ಸು ಹತ್ತುವಾಗ ಮೆಟ್ಟಿಲಿಗೆ ಕಾಲು ಎತ್ತಲಾಗದೆ ನಕ್ಕಳು. ನಾಳೆ ಮೊದಲ ಶಿಫ್ಟ್.


ಫೆಬ್ರುವರಿ 3, ಸೋಮವಾರ

ಅತ್ತಿಗೆ ಫೋನ್. ಈ ಎಂಟು ದಿನ ಆ ಫೋನಿಗೇ ಹೆದರಿಕೊಂಡಿದ್ದೆ.

"ಗೂಡು ಕಟ್ಟಿದ್ವು ರಾಧಾ. ಚೆನ್ನಾಗೇ ಬಂದ್ವು. ರೋಗ ಏನಿಲ್ಲ. ನಾಳೆ ಮಾರ್ಕೆಟ್ಟಿಗೆ."

"ಅಣ್ಣ?"

"ಇದಾರೆ. ಮಾತಾಡಲ್ಲಂತೆ."

ಫೋನ್ ಇಟ್ಟು ಬಚ್ಚಲಿಗೆ ಹೋಗಿ ಅತ್ತೆ. ಯಾತಕ್ಕೆ ಎಂದು ಸರಿಯಾಗಿ ಗೊತ್ತಿಲ್ಲ.


ಫೆಬ್ರುವರಿ 11, ಮಂಗಳವಾರ

ಕಚೇರಿಯಲ್ಲಿ ವಿಚಾರಣೆ. ಅಧಿಕಾರಿ ಕೇಳಿದ್ದು ಎರಡೇ ಪ್ರಶ್ನೆ. ಸಹಿ ನಿಮ್ಮದೇನಾ? ಹೌದು. ಆಗ ಗೊತ್ತಿತ್ತಾ? ಗೊತ್ತಿತ್ತು.

ಆರು ತಿಂಗಳು ಯಾವ ಅಳತೆಯೂ ಕೊಡುವುದಿಲ್ಲ. ಆಮೇಲೆ ನೋಡೋಣ ಎಂದರು. ಜಮೀನಿಗೆ ಮರು ಅಳತೆ, ಸರ್ಕಾರಿ ಸರ್ವೇಯರ್ ಬರುತ್ತಾರೆ. ನಾನು ಹಾಜರಿರಬಹುದು, ಟೇಪು ಮುಟ್ಟುವಂತಿಲ್ಲ.

ಮನೆಗೆ ಬಂದು ಟೇಪು, ಗೂಟ, ಕ್ರಾಸ್‌ಸ್ಟಾಫ್ ಎಲ್ಲ ಎಣ್ಣೆ ಒರೆಸಿ ಅಟ್ಟಕ್ಕೆ ಹಾಕಿದೆ. ಇವರು ಕುರ್ಚಿ ಹಿಡಿದುಕೊಂಡಿದ್ದರು. "ಆರು ತಿಂಗಳು ತಾನೆ," ಎಂದರು.


ಮಾರ್ಚ್ 12, ಬುಧವಾರ, ಬೆಳಿಗ್ಗೆ 11

ತೋಟದ ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದೇನೆ. ಬಿಸಿಲು ಆಗಲೇ ಚುರುಕು. ಸರ್ವೇಯರ್ ರವಿಚಂದ್ರ, ಚಿಕ್ಕ ವಯಸ್ಸಿನವನು, ಅಳೆಯುತ್ತಿದ್ದಾನೆ. ಆಚೆ ಮನೆಗಳ ಎಂಟು ಜನ ಬಂದಿದ್ದಾರೆ. ಆಂಜಿನಮ್ಮ ಒಂದು ಕಡೆ ನಿಂತಿದ್ದಾಳೆ. ಬರೆಯದೆ ಕೂತರೆ ಕಣ್ಣು ಟೇಪಿನ ಮೇಲೇ ಹೋಗುತ್ತದೆ. ಒಂದು ಸಲ ಸಡಿಲ ಹಿಡಿದಿದ್ದ. ಬಾಯಿ ಕಚ್ಚಿಕೊಂಡೆ.

ಅಳತೆಗೆ ಮುಂಚೆಯೇ ಐದು ಸಾಲು ಹಿಪ್ಪುನೇರಳೆ ಕಿತ್ತಾಗಿತ್ತು. ಯಾರು ಕಿತ್ತದ್ದು ಎಂದು ಅತ್ತಿಗೆಯನ್ನು ಕೇಳಿದೆ. ಅಣ್ಣನ ಕಡೆ ಗದ್ದ ತೋರಿಸಿದರು. ಅವನು ಇನ್ನೂ ನನ್ನ ಜೊತೆ ಮಾತಾಡಿಲ್ಲ.

11.25

ಗೆರೆ ಸಿಕ್ಕಿತು, ಎಂಟಾಣೆ ಅಗಲ. ಆದರೆ ಮೂಲೆಯ ಹಳೇ ಗಡಿ ಕಲ್ಲು ಇಲ್ಲ. ರವಿಚಂದ್ರ ಎರಡು ಕಡೆ ಅಗೆಸಿ ನೋಡಿದ. ಹೊಸ ಕಲ್ಲು ತರಿಸಬೇಕು, ಇನ್ನೊಂದು ದಿನ ಆಗುತ್ತದೆ ಎಂದ.

ಅಣ್ಣ ಪಂಪ್‌ಸೆಟ್ ಕಡೆ ಹೋದ. ನೀರಿನ ತೊಟ್ಟಿಯ ಪಕ್ಕ ಬಟ್ಟೆ ಒಗೆಯುವ ಕಲ್ಲಿದೆ. ಅದರ ಮುಂದೆ ನಿಂತು ಸರ್ವೇಯರನ್ನು ಕರೆದ.

"ಇದೇ ಅದು. ಅಪ್ಪ ಕಿತ್ತು ತಂದಿದ್ದು. ನಾನೂ ಒಂದು ಕಡೆ ಹಿಡ್ಕೊಂಡಿದ್ದೆ."

ನನಗೆ ಇದು ಗೊತ್ತಿರಲಿಲ್ಲ. ಹನ್ನೆರಡು ವರ್ಷ ಅತ್ತಿಗೆ ಅದರ ಮೇಲೇ ಬಟ್ಟೆ ಒಗೆದಿದ್ದಾರೆ. ಅವರಿಗೂ ಗೊತ್ತಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತದೆ. ರವಿಚಂದ್ರ ಕಲ್ಲು ಮಗುಚಿಸಿ ನೋಡಿದ. ಅಡಿಯಲ್ಲಿ ಸರ್ವೆ ಗುರುತು ಹಾಗೇ ಇದೆ.

ಈಗ ಹಾರೆ ಹಾಕಿ ಎಬ್ಬಿಸುತ್ತಿದ್ದಾರೆ. ಭಾರ ಬಹಳ. ಆಂಜಿನಮ್ಮನ ಮಗ ಒಂದು ಕಡೆ, ಅಣ್ಣ ಒಂದು ಕಡೆ. ಸಾಲುತ್ತಿಲ್ಲ. ಅಣ್ಣ ಬೆನ್ನು ನೆಟ್ಟಗೆ ಮಾಡಿ ಸುತ್ತ ನೋಡಿದ, ನನ್ನ ಕಡೆ ತಿರುಗಿದ.

"ಬರ್ದಿದ್ದು ಸಾಕು ಬಾ ರಾಧಮ್ಮ. ಇನ್ನೊಂದು ಕೈ ಬೇಕು."

ಟೇಪು ಮುಟ್ಟಬಾರದು ಅಂದಿದ್ದಾರೆ. ಕಲ್ಲಿನ ವಿಷಯ ಯಾರೂ ಏನೂ ಹೇಳಿಲ್ಲ. ಪುಸ್ತಕ ಮುಚ್ಚಿ ಹೋಗುತ್ತೇನೆ.